ಬಾಣಂತಿ ಕೋಣೆ ಬೆಚ್ಚಗಿರಲಿ, ಕೆಂಡ ಹೊರಗಿರಲಿ

(ಹೆರಿಗೆ ವಾರ್ಡಿನಲ್ಲಿ ನೀಡಿದ ಆರೋಗ್ಯ ಉಪನ್ಯಾಸದ ಬರಹರೂಪ)



ಡಿಸೆಂಬರ್, ಜನವರಿಯಲ್ಲಿ ಬೀದರ, ವಿಜಯಪುರದ ಕಡೆ ಕೆಲವು ರಾತ್ರಿ ತಾಪಮಾನ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಇಲ್ಲಿಂದ ಬಿಡುಗಡೆಯಾಗಿ ಮನೆಗೆ ಹೋದ ಕೂಡಲೇ ನೀವು ಮಾಡುವ ಮೊದಲ ಕೆಲಸ ಬಾಣಂತಿ ಕೋಣೆಯನ್ನು ಬೆಚ್ಚಗೆ ಮಾಡುವುದು. ಅದು ಸರಿಯಾದ ಕೆಲಸವೇ. ಹುಟ್ಟಿದ ಮಗು ತನ್ನ ಮೈಯ ಶಾಖವನ್ನು ತಾನೇ ಹಿಡಿದಿಟ್ಟುಕೊಳ್ಳಲಾರದು. ಕಂಕುಳಲ್ಲಿ ನೋಡಿದರೆ ಅದರ ಶಾಖ 36.5ರಿಂದ 37.5 ಡಿಗ್ರಿ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಮಗು ಮಂಕಾಗುತ್ತದೆ, ಹಾಲು ಕುಡಿಯುವುದಿಲ್ಲ, ತೂಕ ಕಳೆದುಕೊಳ್ಳುತ್ತದೆ. ಆದರೆ ಬೆಚ್ಚಗೆ ಮಾಡುವ ರೀತಿ ಯಾವುದು ಎಂಬುದೇ ಇಂದಿನ ಮಾತು.

ಬಾಗಿಲು, ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡದ ಶೇಗಡಿ ಇಟ್ಟು ಮಲಗುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಇದನ್ನು ಬಿಡಿ. ಇದ್ದಿಲು, ಕುಳ್ಳು, ಕಟ್ಟಿಗೆ ಯಾವುದೇ ಇರಲಿ, ಗಾಳಿ ಸಾಲದ ಕಡೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹೆಚ್ಚಾಗಿ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಇಲ್ಲದ ಕೆಂಪು ಕೆಂಡದಿಂದಲೂ ಅದು ಬರುತ್ತದೆ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದು ರಕ್ತಕ್ಕೆ ಅಂಟಿಕೊಳ್ಳುತ್ತದೆ. ಆಗ ಮೆದುಳಿಗೆ, ಹೃದಯಕ್ಕೆ ಆಮ್ಲಜನಕ ಸಿಗುವುದಿಲ್ಲ. ಮಲಗಿದವರಿಗೆ ಉಸಿರು ಕಟ್ಟಿದ ಅನುಭವವೂ ಆಗದೆ, ನಿದ್ರೆಯಲ್ಲೇ ಪ್ರಾಣ ಹೋಗಬಹುದು.

“ಸಿಸ್ಟರ್, ನಮ್ಮವ್ವನ ಕಾಲದಿಂದ ಕೆಂಡ ಇಡತೇವಿ, ಯಾರಿಗೂ ಏನೂ ಆಗಿಲ್ಲ” ಎಂದು ಹಿರಿಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಹಳೆಯ ಮಾಳಿಗೆ ಮನೆಗಳಲ್ಲಿ ಮೇಲೆ ಬೆಳಕಿಂಡಿ ಇರುತ್ತಿತ್ತು. ಹಂಚಿನ ಮನೆಯಲ್ಲಿ ಹಂಚುಗಳ ಸಂದಿಯಿಂದ ಗಾಳಿ ಆಡುತ್ತಿತ್ತು. ಈಗ ಮೇಲೆ ಸಿಮೆಂಟಿನ ಸ್ಲ್ಯಾಬ್, ಕಿಟಕಿಗೆ ಗಾಜು, ಬಾಗಿಲ ಸಂದಿಗೆ ಬಟ್ಟೆ. ಅನಿಲ ಹೊರಗೆ ಹೋಗಲು ದಾರಿಯೇ ಇಲ್ಲ. ರೂಢಿ ಹಳೆಯದಾದರೂ ಮನೆ ಹೊಸದು ಎಂಬುದನ್ನು ಮರೆಯಬೇಡಿ. ಹಳೆಯ ಮನೆಯಲ್ಲಿಯೂ ಹೊಗೆ ಮಗುವಿನ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಸ್ನಾನದ ನಂತರ ಕೊಡುವ ಲೋಬಾನದ ಹೊಗೆಗೂ ಇದೇ ಮಾತು.

ಹಾಗಾದರೆ ಏನು ಮಾಡಬೇಕು? ಕೋಣೆಯನ್ನೆಲ್ಲ ಕಾಯಿಸುವುದಕ್ಕಿಂತ ಮೈಯ ಶಾಖ ಉಳಿಸುವುದು ಸುಲಭ, ಖರ್ಚೂ ಕಡಿಮೆ.

1. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಗಲು ದಕ್ಷಿಣದ ಕಿಟಕಿ ತೆರೆದು ಬಿಸಿಲು ಒಳಗೆ ಬಿಡಿ. ಹೊತ್ತು ಮುಳುಗುವ ಮೊದಲು ಕಿಟಕಿ ಮುಚ್ಚಿ, ದಪ್ಪ ಪರದೆ ಎಳೆಯಿರಿ. ಮೇಲಿನ ವೆಂಟಿಲೇಟರ್ ಮಾತ್ರ ತೆರೆದೇ ಇರಲಿ.

2. ನೆಲದ ತಂಪು ಏರದಂತೆ ಗೋಣಿಚೀಲ, ಅದರ ಮೇಲೆ ಜಮಖಾನ ಹಾಸಿ. ತಾಯಿ ಹೊದೆಯಲು ನಮ್ಮ ಕೌದಿಯಂಥದು ಇನ್ನೊಂದಿಲ್ಲ. ಹಳೆಯ ಸೀರೆಗಳ ಪದರಗಳ ನಡುವೆ ನಿಲ್ಲುವ ಗಾಳಿಯೇ ಶಾಖವನ್ನು ಹಿಡಿಯುತ್ತದೆ. ಆದರೆ ಭಾರವಾದ ಕೌದಿಯನ್ನು ಕೂಸಿನ ಮೇಲೆ ಹಾಕಬೇಡಿ. ಮುಖವಂತೂ ಎಂದೂ ಮುಚ್ಚಬಾರದು.

3. ಕೂಸಿಗೆ ಕುಲಾಯಿ, ಕಾಲುಚೀಲ, ನಿಮಗಿಂತ ಒಂದು ಪದರ ಹೆಚ್ಚು ಬಟ್ಟೆ ಸಾಕು. ಹೊಟ್ಟೆ, ಪಾದ ಎರಡನ್ನೂ ಮುಟ್ಟಿ ನೋಡಿ. ಎರಡೂ ಬೆಚ್ಚಗಿದ್ದರೆ ಸರಿ. ಪಾದ ಮಾತ್ರ ತಣ್ಣಗಿದ್ದರೆ ಚಳಿ ಹತ್ತುತ್ತಿದೆ ಎಂದರ್ಥ. ಎರಡೂ ತಣ್ಣಗಿದ್ದರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಮೈ ಬೆವರಿದರೆ ಬಟ್ಟೆ ಹೆಚ್ಚಾಗಿದೆ.

4. ಎಲ್ಲಕ್ಕಿಂತ ಒಳ್ಳೆಯ ಶಾಖ ತಾಯಿಯ ಎದೆ. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. 1978ರ ಸುಮಾರಿಗೆ ಕೊಲಂಬಿಯಾ ದೇಶದ ಬೊಗೋಟಾ ನಗರದ ವೈದ್ಯರು, ಇನ್‌ಕ್ಯುಬೇಟರ್ ಸಾಲದಾದಾಗ ಇದನ್ನು ಆರಂಭಿಸಿದರು. ಕೂಸಿಗೆ ಲಂಗೋಟಿ, ಕುಲಾಯಿ ಮಾತ್ರ ಹಾಕಿ, ಬರಿಮೈಗೆ ಬರಿಮೈ ತಾಗುವಂತೆ ಎದೆಯ ಮೇಲೆ ನೆಟ್ಟಗೆ ಇಟ್ಟುಕೊಂಡು, ಮೇಲೆ ಬಟ್ಟೆ ಕಟ್ಟಬೇಕು. ಮೂಗು ಕಾಣುತ್ತಿರಲಿ. ತಂದೆ, ಅಜ್ಜಿಯೂ ಇದನ್ನು ಮಾಡಬಹುದು. ತೂಕ ಕಡಿಮೆ ಇರುವ ಕೂಸುಗಳಿಗೆ ಇದು ಔಷಧಿಯಷ್ಟೇ ಮುಖ್ಯ.

5. ಕರೆಂಟ್ ಹೀಟರ್ ಇದ್ದರೆ ಎಣ್ಣೆ ಹಚ್ಚಿ ಸ್ನಾನ ಮಾಡಿಸುವ ಮೊದಲು ಅರ್ಧ ಗಂಟೆ ಹಚ್ಚಿ, ಸಾಕು. 1000 ವ್ಯಾಟ್ ಹೀಟರ್ ಒಂದು ಗಂಟೆಗೆ ಒಂದು ಯೂನಿಟ್ ತಿನ್ನುತ್ತದೆ. ಹಾಸಿಗೆ, ಪರದೆಯಿಂದ ಮೂರು ಅಡಿ ದೂರವಿಡಿ. ಅದರ ಮೇಲೆ ಬಟ್ಟೆ ಒಣಗಿಸಬೇಡಿ, ಮಲಗುವಾಗ ಆರಿಸಿ.

6. ಬಿಸಿನೀರಿನ ಚೀಲದಿಂದ ಮೊದಲು ಹಾಸಿಗೆ ಬೆಚ್ಚಗೆ ಮಾಡಿ, ಚೀಲ ತೆಗೆದು ನಂತರ ಕೂಸನ್ನು ಮಲಗಿಸಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದ ಅಜ್ಜ-ಅಜ್ಜಿಯರ ಕಾಲಿಗೂ ಚೀಲ ಇಟ್ಟು ಮಲಗಿಸಬೇಡಿ. ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ.

ಕೆಂಡ ಬೇಕೇ ಬೇಕೆಂದರೆ ಅಂಗಳದಲ್ಲಿ ಹಾಕಿ, ಕೈಕಾಲು ಕಾಯಿಸಿಕೊಂಡು ಒಳಗೆ ಬನ್ನಿ. ಕೆಂಡ ಹೊರಗೇ ಉಳಿಯಲಿ.

ಮನೆಯಲ್ಲಿ ಇಬ್ಬರು, ಮೂವರಿಗೆ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ, ಅಥವಾ ಬೆಳಿಗ್ಗೆ ಕೂಗಿದರೂ ಯಾರಾದರೂ ಏಳದಿದ್ದರೆ, ವಿಷಾನಿಲದ ಸಂಶಯಪಡಿ. ಬಾಗಿಲು, ಕಿಟಕಿ ತೆರೆಯಿರಿ. ಎಲ್ಲರನ್ನೂ ಹೊರಗಿನ ಗಾಳಿಗೆ ತನ್ನಿ. ಕೂಡಲೇ 108ಕ್ಕೆ ಕರೆ ಮಾಡಿ. ತಲೆನೋವು ಇಳಿಯಿತೆಂದು ಸುಮ್ಮನಾಗದೆ ವೈದ್ಯರಿಗೆ ತೋರಿಸಿ. ಕೆಂಡ ಇಟ್ಟಿದ್ದನ್ನು ಮುಚ್ಚಿಡಬೇಡಿ. ಇಲ್ಲಿ ಯಾರೂ ನಿಮ್ಮನ್ನು ಬೈಯುವುದಿಲ್ಲ. ಅದು ಗೊತ್ತಾದರೆ ತಕ್ಷಣ ಆಮ್ಲಜನಕ ಹಚ್ಚಲು ಅನುಕೂಲ.

ಬಿಡುಗಡೆಯ ಮುನ್ನ ಕಾಂಗರೂ ಆರೈಕೆಯನ್ನು ವಾರ್ಡಿನ ಸಿಸ್ಟರ್ ಹತ್ತಿರ ಒಮ್ಮೆ ಮಾಡಿ ತೋರಿಸಿಕೊಳ್ಳಿ. ಮನೆಯಲ್ಲಿ ಕೆಂಡ ಇಡುವ ಹಿರಿಯರನ್ನೂ ಜೊತೆಗೆ ಕರೆತನ್ನಿ.