ಇತಿಹಾಸೋಪಾಧ್ಯಾಯರೂ ಶಿಲಾಶಾಸನಗಳೂ



ಮಠಗಳು ಅನ್ನದಾಸೋಹದೊಡನೆ ವಿದ್ಯಾದಾಸೋಹವನ್ನೂ ನಡೆಸಿಕೊಂಡು ಬಂದಿರುವುದು ಸರ್ವರಿಗೂ ವಿದಿತವಾದ ಸಂಗತಿ. ಮಕ್ಕಳಿಗೆ ಏನನ್ನು ಕಲಿಸಬೇಕೆಂಬ ವಿಚಾರವು ಇಂಥ ಉತ್ಸವಗಳಲ್ಲಿ ಪದೇ ಪದೇ ನಡೆಯುತ್ತದೆ. ಕಲಿಸುವವರು ಹೇಗೆ ಕಲಿಯುತ್ತಿರಬೇಕೆಂಬ ವಿಚಾರವು ಮಾತ್ರ ಹಿಂದುಳಿಯುತ್ತದೆ. ಇತಿಹಾಸದ ಉಪಾಧ್ಯಾಯರ ವಿಷಯದಲ್ಲಿ ಈ ಉಪೇಕ್ಷೆಯಿಂದ ಆಗತಕ್ಕ ಹಾನಿಯು ಸಾಮಾನ್ಯವಾದುದಲ್ಲ.

ಲೆಕ್ಕವು ತಪ್ಪಿದರೆ ತಾಳೆ ನೋಡಿ ತಿದ್ದಬಹುದು. ಇತಿಹಾಸದಲ್ಲಿ ತಾಳೆ ನೋಡುವುದಕ್ಕೆ ಆಧಾರವೊಂದೇ ಸಾಧನ. ಆಧಾರವನ್ನೇ ಕಾಣದೆ ಅರಸರ ಹೆಸರುಗಳನ್ನೂ ಇಸವಿಗಳನ್ನೂ ಬಾಯಿಪಾಠ ಮಾಡಿದ ವಿದ್ಯಾರ್ಥಿಯು, ಮುಂದೆ ಯಾರು ಗಟ್ಟಿಯಾಗಿ ಹೇಳುವರೋ ಅವರ ಮಾತನ್ನೇ ಚರಿತ್ರೆಯೆಂದು ನಂಬುವನು.

ಒಂದು ದೃಷ್ಟಾಂತ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳುಗಳನ್ನು ಕೊಟ್ಟುದರಿಂದ ಬೆಂಗಳೂರಿಗೆ ಆ ಹೆಸರು ಬಂದಿತೆಂದು ಕಥೆಯಿದೆ. ಆ ಅರಸನು ಪಟ್ಟಕ್ಕೆ ಬಂದದ್ದು 1173ರಲ್ಲಿ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು 890ರ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರ ಕಾಳೆಗದ ಉಲ್ಲೇಖವಿದೆ. ಬಲ್ಲಾಳನಿಗಿಂತ ಸುಮಾರು ಮುನ್ನೂರು ವರ್ಷ ಮೊದಲೇ ಊರೂ ಹೆಸರೂ ಇದ್ದುವೆಂದು ಇದರಿಂದ ಸಿದ್ಧವಾಯಿತು. ಕಥೆಯನ್ನು ಹೇಳಬಾರದೆಂದಲ್ಲ, ಅದನ್ನು ಕಥೆಯೆಂದು ಹೇಳಿ, ಪಕ್ಕದಲ್ಲಿ ಕಲ್ಲಿನ ಮಾತನ್ನಿಟ್ಟು, ಯಾವುದು ಏಕೆ ನಂಬಲರ್ಹವೆಂದು ಮಕ್ಕಳಿಂದಲೇ ಹೇಳಿಸತಕ್ಕದ್ದು. ಹಾಗೆ ಒಮ್ಮೆ ವಿಚಾರಮಾಡಿದ ವಿದ್ಯಾರ್ಥಿಯು ಪಾಠವನ್ನು ಮರೆತರೂ ವಿವೇಕವನ್ನು ಮರೆಯಲಾರನು.

ಈ ನಾಡಿನ ಶಾಸನಗಳನ್ನು ಬೆಳಕಿಗೆ ತಂದವರಲ್ಲಿ ವಿದ್ಯಾಭ್ಯಾಸದ ಇಲಾಖೆಯವರೇ ಮುಂದಾಳುಗಳಾಗಿದ್ದರು. ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದು ಅನಂತರ ಶಾಲೆಗಳ ಇನ್ಸ್‌ಪೆಕ್ಟರಾದ ಬಿ. ಎಲ್. ರೈಸ್ ಅವರು, ಸಂಚಾರ ಕಾಲದಲ್ಲಿ ಕಂಡ ಶಾಸನಗಳ ಅಭ್ಯಾಸಕ್ಕೆ ತೊಡಗಿ, 1886ರಿಂದ 1905ರವರೆಗೆ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳನ್ನು ಹೊರತಂದರು. ಅವುಗಳಲ್ಲಿ ಸುಮಾರು 9000 ಶಾಸನಗಳಿವೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಪ್ರಕಟಪಡಿಸಿದ ಎಂ. ಎಚ್. ಕೃಷ್ಣ ಅವರು ಮೈಸೂರು ಮಹಾರಾಜ ಕಾಲೇಜಿನ ಇತಿಹಾಸದ ಪ್ರಾಧ್ಯಾಪಕರು. ಕಲಿಸುವ ಕೆಲಸವೂ ಅರಸುವ ಕೆಲಸವೂ ಬೇರೆ ಬೇರೆಯಲ್ಲವೆಂಬುದಕ್ಕೆ ಇವರಿಬ್ಬರೇ ಸಾಕ್ಷಿ.

ಹಳ್ಳಿಯ ಶಾಲೆಯ ಉಪಾಧ್ಯಾಯರು ಅಷ್ಟು ದೊಡ್ಡ ಕಾರ್ಯವನ್ನು ಕೈಗೊಳ್ಳಬೇಕಾಗಿಲ್ಲ. ರಜೆಯ ಕೆಲವು ದಿನಗಳಲ್ಲಿ ಬಲ್ಲವರ ಬಳಿ ಕುಳಿತು ಮೂರು ಸಂಗತಿಗಳನ್ನು ಕಲಿತರೆ ಸಾಕು. ಮೊದಲನೆಯದು, ಹಳಗನ್ನಡದ ಲಿಪಿಯನ್ನು ಓದುವುದು. ಎರಡನೆಯದು, ಕಾಲವನ್ನು ಗುಣಿಸುವುದು. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತವರ್ಷವು ಸ್ಥೂಲವಾಗಿ ದೊರೆಯುವುದು. ಮೂರನೆಯದು, ಅಪ್ಪಣೆ ಪಡೆದು ಕಲ್ಲಿನ ಪಡಿಯಚ್ಚನ್ನು ತೆಗೆಯುವುದು. ಕಲ್ಲನ್ನು ತೊಳೆದು, ಒದ್ದೆಯ ಕಾಗದವನ್ನು ಹರಡಿ, ಅದು ಅಕ್ಷರಗಳ ಕುಳಿಗಿಳಿಯುವಂತೆ ಕುಂಚದಿಂದ ಮೆಲ್ಲಗೆ ಬಡಿದು, ಮೇಲೆ ಮಸಿಯನ್ನು ಒತ್ತಿದರೆ ಕಪ್ಪಿನ ನಡುವೆ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ಅಂಥದೊಂದು ಕಾಗದವನ್ನು ತರಗತಿಯ ಗೋಡೆಗೆ ತೂಗುಹಾಕಿದರೆ ಅದಕ್ಕಿಂತ ಮಿಗಿಲಾದ ಪಾಠೋಪಕರಣವು ಬೇಕಿಲ್ಲ. ಇದೀಗ ಹೊಸ ಸೌಕರ್ಯಗಳೂ ಒದಗಿವೆ: ಬೆಂಗಳೂರಿನ ಮಿಥಿಕ್ ಸೊಸೈಟಿಯು ಆ ಸೀಮೆಯ ಶಾಸನಗಳನ್ನು ಮೂರು ಆಯಾಮಗಳಲ್ಲಿ ಚಿತ್ರಿಸಿಡುವ ಕಾರ್ಯವನ್ನು 2021ರಲ್ಲಿ ಆರಂಭಿಸಿತು.

ಶರಣರ ಚರಿತ್ರೆಯನ್ನು ಬೋಧಿಸುವಾಗಲೂ ಈ ಮಾರ್ಗವೇ ಶ್ರೇಯಸ್ಕರ. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನದಲ್ಲಿ ಬಸವಣ್ಣನವರ ಹೆಸರು ಬಂದಿದೆ. ಅವರ ಕಾಲದಿಂದ ನೂರು ವರ್ಷದಷ್ಟರಲ್ಲಿಯೇ ಕೆತ್ತಿದ ಆ ಸಾಲುಗಳನ್ನು ತೋರಿಸಿದರೆ, ಮಕ್ಕಳ ಭಕ್ತಿಯ ಜೊತೆಗೆ ಅರಿವೂ ಬೆಳೆಯುವುದು.

ಆದರೆ ಕಲ್ಲುಗಳು ಕಾಯುತ್ತ ನಿಲ್ಲವು. ಅಗಸೆಯ ಬಳಿಯದು ಮನೆಯ ಅಡಿಪಾಯಕ್ಕೂ, ಕೆರೆಯ ಏರಿಯದು ರಸ್ತೆಗೂ ಹೋಗುತ್ತದೆ. ಹೋದುದು ತಿರುಗಿ ಬಾರದು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಡವೋಲೆಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಬೆಳಕಿಗೆ ತಂದರು. ಮನೆಗಳವರೂ ಮಠಗಳವರೂ ಗಂಟುಗಳನ್ನು ಬಿಚ್ಚಿ ಕೊಡದಿದ್ದರೆ ಆ ಕಾರ್ಯವು ಕೈಗೂಡುತ್ತಿರಲಿಲ್ಲ. ಅಂಥ ಔದಾರ್ಯವು ಈಗಲೂ ಬೇಕಾಗಿದೆ. ಮಠದಲ್ಲಿರುವ ಓಲೆಗರಿ, ತಾಮ್ರಪಟ, ಸನದುಗಳು ನೆರೆಯ ಶಾಲೆಗಳ ಉಪಾಧ್ಯಾಯರಿಗೆ ನೋಡಸಿಗಬೇಕು. ವರ್ಷಕ್ಕೊಮ್ಮೆ ಅವರಿಗಾಗಿ ಲಿಪಿಯ ಪಾಠವು ನಡೆಯಬೇಕು. ಊರಿನ ಶಾಸನದ ರಕ್ಷಣೆಯ ಹೊಣೆಯನ್ನು ಭಕ್ತರು ಹೊರಬೇಕು.

ಉಪಾಧ್ಯಾಯನಿಗೆ ನೀಡಿದ ಜ್ಞಾನವು ಒಬ್ಬನಲ್ಲಿ ನಿಲ್ಲದೆ ನೂರಾರು ಮಕ್ಕಳಿಗೆ ಹರಿದುಹೋಗುವುದು. ಆದುದರಿಂದ ವಿದ್ಯಾದಾಸೋಹದ ಪಂಕ್ತಿಯಲ್ಲಿ ಉಪಾಧ್ಯಾಯರಿಗೂ ಒಂದು ಎಲೆಯನ್ನು ಹಾಕುವುದು ಈ ಮಹೋತ್ಸವಕ್ಕೆ ಒಪ್ಪುವ ಸೇವೆಯಾಗಿದೆ.