ಆ 102 ರನ್ ಎಲ್ಲರಿಗೂ ಗೊತ್ತು, 504 ವಿಕೆಟ್ ಯಾರಿಗೆ ಗೊತ್ತು?

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಇಯರ್‌ಫೋನ್ ಹಾಕ್ಕೊಂಡಿರೋರಿಗೆ, ತೋಟದಲ್ಲಿ ನೀರು ಬಿಟ್ಟು ಬದುವಿನ ಮೇಲೆ ಕೂತಿರೋರಿಗೆ, ಎಲ್ರಿಗೂ ಸ್ವಾಗತ.

ಹೋದ ವಾರ ನಿಮಗೊಂದು ಪ್ರಶ್ನೆ ಕೇಳಿದ್ದೆ. ಕರ್ನಾಟಕ ರಣಜಿ ತಂಡದ ಬಗ್ಗೆ ಟಿ.ವಿ.ಯವರು, ಪೇಪರಿನವರು, ನಮ್ಮಂಥ ವೆಬ್‌ಸೈಟಿನವರು ಕೊಡೋ ಸುದ್ದಿ ನಿಮಗೆ ಸಾಕಾಗುತ್ತಾ? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಬಂದ ವಾಯ್ಸ್ ಮೆಸೇಜ್ ಕೇಳಿ ನಿಜ ಹೇಳ್ಬೇಕಂದ್ರೆ ಸ್ವಲ್ಪ ನಾಚಿಕೆ ಆಯ್ತು. ಬೈಗುಳದಲ್ಲಿ ಅರ್ಧ ನಮಗೇ ಸೇರಿದ್ದು.

ಹೊನ್ನಾಳಿಯ ಒಬ್ಬ ಹುಡುಗ ಹೇಳಿದ್ದು ಹೀಗೆ: "ಅಣ್ಣಾ, ಐಪಿಎಲ್ ಆಟಗಾರ ಏರ್‌ಪೋರ್ಟಲ್ಲಿ ಕನ್ನಡಕ ತೆಗೆದ್ರೆ ಬ್ರೇಕಿಂಗ್ ನ್ಯೂಸ್. ಕರ್ನಾಟಕ ರಣಜಿ ಮ್ಯಾಚ್ ಗೆದ್ರೆ ಟಿ.ವಿ. ಕೆಳಗಡೆ ಓಡೋ ಪಟ್ಟಿಲಿ ಒಂದು ಸಾಲು. ಅದೂ ಓದೋಷ್ಟರಲ್ಲಿ ಹೋಗಿರುತ್ತೆ."

ನಕ್ಕೆ. ಆಮೇಲೆ ನ್ಯಾಮತಿಯಿಂದ ಬಂದ ಮೆಸೇಜ್ ಕೇಳಿದಾಗ ನಗು ನಿಂತೋಯ್ತು. "ವಿನಯ್ ಕುಮಾರ್ ನಮ್ಮ ದಾವಣಗೆರೆಯೋರು ಅಂತ ನಂಗೆ ಗೊತ್ತಾಗಿದ್ದೇ ಟ್ರೋಲ್ ಪೇಜ್ ನೋಡಿ" ಅಂದ ಆ ಹುಡುಗ.

ಇವತ್ತಿನ ಮಾತು ಇದರ ಮೇಲೇ.

ಮೊದಲು ಟ್ರೋಲ್ ಆಗಿದ್ದು ಏನು ಅಂತ ನೋಡೋಣ. 2013ರ ನವೆಂಬರ್ 2, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ, ಆಸ್ಟ್ರೇಲಿಯಾ ಮೇಲೆ ಏಕದಿನ ಪಂದ್ಯ. ರೋಹಿತ್ ಶರ್ಮಾ 209 ಹೊಡೆದ ಮ್ಯಾಚ್. ಅವತ್ತು ವಿನಯ್ 9 ಓವರಲ್ಲಿ 102 ರನ್ ಕೊಟ್ರು. ಭಾರತ ಮ್ಯಾಚ್ ಗೆದ್ದಿತು, ಆದ್ರೂ ವಿನಯ್ ಮತ್ತೆ ಭಾರತದ ಪರ ಆಡಲೇ ಇಲ್ಲ. ಅದಕ್ಕೂ ಮುಂಚೆ, 2012ರ ಜನವರಿಯಲ್ಲಿ, ಪರ್ತ್‌ನಲ್ಲಿ ಅವರಿಗೆ ಸಿಕ್ಕ ಒಂದೇ ಒಂದು ಟೆಸ್ಟ್. ಡೇವಿಡ್ ವಾರ್ನರ್ 180 ಚಚ್ಚಿದ ಪಂದ್ಯ ಅದು. 2018ರ ಐಪಿಎಲ್‌ನಲ್ಲಿ ಚೆನ್ನೈಗೆ ಕೊನೆ ಓವರಲ್ಲಿ 17 ಬೇಕಿದ್ದಾಗ ಕೋಲ್ಕತ್ತ ಪರ ಬಾಲ್ ಹಾಕಿದ್ದೂ ಇವರೇ. ಚೆನ್ನೈ ಹೊಡ್ಕೊಂಡು ಹೋಯ್ತು. ಆ ರಾತ್ರಿ ಟ್ವಿಟರ್ ನೋಡಿದ್ದೋರಿಗೆ ಮುಂದಿನದು ಹೇಳೋದು ಬೇಡ.

ಇದೆಲ್ಲ ನಡೆದಿದ್ದು ನಿಜ. ಸುದ್ದಿ ಆಗಿದ್ದು ತಪ್ಪಲ್ಲ. ನೂರಾ ಎರಡು ರನ್ ಕೊಟ್ಟರೆ ಬರೀಬೇಕು, ಅದರಲ್ಲಿ ನಮ್ಮೋರು ತಮ್ಮೋರು ಅನ್ನೋದಿಲ್ಲ.

ಆದ್ರೆ ಮುಂದೇನಾಯ್ತು? ಆ 102 ರನ್ ಆಗಿ ಸರಿಯಾಗಿ ಮೂರು ತಿಂಗಳಿಗೆ, 2014ರ ಫೆಬ್ರುವರಿ 2ರಂದು, ಹೈದರಾಬಾದಲ್ಲಿ ಮಹಾರಾಷ್ಟ್ರವನ್ನ ಸೋಲಿಸಿ ಕರ್ನಾಟಕ ರಣಜಿ ಟ್ರೋಫಿ ಗೆದ್ದಿತು. 1998-99ರ ನಂತರ ಅದೇ ಮೊದಲು. ಕ್ಯಾಪ್ಟನ್ ಯಾರು? ಅದೇ ವಿನಯ್ ಕುಮಾರ್. ಮನುಷ್ಯ ಎಲ್ಲರ ಮುಂದೆ ಅಷ್ಟು ಹೊಡೆಸ್ಕೊಂಡು, ಬೈಸ್ಕೊಂಡು, ವಾಪಸ್ ಬಂದು, ಹದಿನೈದು ವರ್ಷದಿಂದ ಬರದಿದ್ದ ಕಪ್ ಎತ್ತಿದ. ಸಿನಿಮಾದಲ್ಲಿ ಬಂದಿದ್ರೆ ಶಿಳ್ಳೆ ಹೊಡೀತಿದ್ವಿ.

ಮುಂದಿನ ವರ್ಷದ ಕಥೆ ಇನ್ನೂ ಜೋರು. 2015ರ ಮಾರ್ಚ್, ಮುಂಬೈನ ವಾಂಖೆಡೆ. ಫೈನಲ್‌ನಲ್ಲಿ ಎದುರಾಳಿ ತಮಿಳುನಾಡು. ವಿನಯ್ 5 ವಿಕೆಟ್ ತೆಗೆದು ಅವರನ್ನ 134ಕ್ಕೆ ಮಲಗಿಸಿದ್ರು. ಆಮೇಲೆ ಬ್ಯಾಟ್ ಹಿಡಿದು ಔಟಾಗದೆ 105 ಹೊಡೆದ್ರು. ಕರುಣ್ ನಾಯರ್ 328, ಕೆ.ಎಲ್. ರಾಹುಲ್ 188, ತಂಡದ ಮೊತ್ತ 762. ಗೆದ್ದಿದ್ದು ಇನಿಂಗ್ಸ್ ಮತ್ತು 217 ರನ್ನಿಂದ. ರಣಜಿ, ಇರಾನಿ, ವಿಜಯ್ ಹಜಾರೆ, ಈ ಮೂರೂ ಕಪ್ ಸತತ ಎರಡು ಸೀಸನ್ ನಮ್ಮ ಮನೆಗೆ ಬಂದಿದ್ದು ಇವರ ಕೈಲೇ.

ಹಾಗಾದ್ರೆ ನಮಗ್ಯಾಕೆ ನೆನಪಿಲ್ಲ? ಅದೇ ಹೊತ್ತಿಗೆ ಆಸ್ಟ್ರೇಲಿಯಾ-ನ್ಯೂಜಿಲೆಂಡಲ್ಲಿ ವಿಶ್ವಕಪ್ ನಡೀತಿತ್ತು. ಟಿ.ವಿ., ಪೇಪರ್, ಚಾ ಅಂಗಡಿ ಮಾತು ಎಲ್ಲ ಅತ್ಲಾಗೆ. ಸರಿ, ವಿಶ್ವಕಪ್ ವಿಶ್ವಕಪ್ಪೇ. ಆದ್ರೆ ಅದು ಮುಗಿದ ಮೇಲೂ ಯಾರೂ ಹಿಂದೆ ತಿರುಗಿ ಈ ಕಥೆ ಹೇಳಲಿಲ್ಲವಲ್ಲ, ನೋವಿರೋದು ಅಲ್ಲಿ. 2021ರ ಫೆಬ್ರುವರಿಯಲ್ಲಿ ವಿನಯ್ ನಿವೃತ್ತಿ ಹೇಳಿದಾಗ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅವರ ಹೆಸರಲ್ಲಿ 504 ವಿಕೆಟ್ ಇದ್ವು. ಅದರಲ್ಲಿ 442 ರಣಜಿಯಲ್ಲೇ. 102ನ್ನ ಬಾಯಿಪಾಠ ಹೇಳೋ ನಮಗೆ 504 ಯಾಕೆ ಬಾಯಿಗೆ ಬರಲ್ಲ?

ಚನ್ನಗಿರಿಯ ಒಬ್ಬ ಹಿರಿಯರು, ಮೊಮ್ಮಗನ ಫೋನಿಂದ ಮಾತಾಡಿದ್ರು. "ನಮ್ಮ ಕಾಲದಲ್ಲಿ ಪೇಪರ್ ಮಧ್ಯಾಹ್ನಕ್ಕೆ ಬರ್ತಿತ್ತು ಕಣಪ್ಪಾ. ಆದ್ರೂ ವಿಶ್ವನಾಥ್ ಎಷ್ಟು ಹೊಡೆದ, ಚಂದ್ರಶೇಖರ್ ಎಷ್ಟು ವಿಕೆಟ್ ತೆಗೆದ ಅಂತ ಊರಿಗೆಲ್ಲ ಗೊತ್ತಿರ್ತಿತ್ತು" ಅಂದ್ರು. ಅವರು ನೆನಪು ಮಾಡ್ಕೊಂಡಿದ್ದು 1973-74ರ ಸೀಸನ್. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿದ್ದು 1973ರ ನವೆಂಬರ್ 1ಕ್ಕೆ. ಅದೇ ಸೀಸನಲ್ಲಿ ಪ್ರಸನ್ನ ನಾಯಕತ್ವದ ತಂಡ, ಸತತ 15 ವರ್ಷ ಗೆದ್ದಿದ್ದ ಬಾಂಬೆಯನ್ನ ಸೆಮಿಫೈನಲ್‌ನಲ್ಲಿ ಮನೆಗೆ ಕಳಿಸಿ, ಮೊದಲ ಸಲ ರಣಜಿ ಗೆದ್ದಿತು. ಹೊಸ ಹೆಸರಿಗೆ ಮೊದಲ ಕಪ್. ಕೈಯಲ್ಲಿ ಫೋನಿಲ್ಲದ ಕಾಲದಲ್ಲಿ ಚನ್ನಗಿರಿಗೆ ತಲುಪಿದ ಸುದ್ದಿ, ದಿನಕ್ಕೆ ಎರಡು ಜಿಬಿ ಡೇಟಾ ಇರೋ ಕಾಲದಲ್ಲಿ ತಲುಪ್ತಿಲ್ಲ ಅಂದ್ರೆ ತಪ್ಪು ನೆಟ್‌ವರ್ಕಿಂದಲ್ಲ.

ಕೊನೆಗೆ ಜಗಳೂರಿನ ಒಬ್ಬ ಕಾಲೇಜು ಹುಡುಗಿ. "ನೀವು ಗಂಡುಮಕ್ಕಳ ತಂಡದ ಬಗ್ಗೆನೇ ಅಳ್ತಿದೀರ ಸರ್. ನಮ್ಮದನ್ನ ಆ ಪಟ್ಟಿಲೂ ಹಾಕಲ್ಲ" ಅಂದ್ಲು. ಉತ್ತರ ಕೊಡಕ್ಕೆ ನನ್ನ ಹತ್ರ ಏನೂ ಇರಲಿಲ್ಲ. 2017ರ ಮಹಿಳಾ ವಿಶ್ವಕಪ್‌ನಲ್ಲಿ, ಸೋತ್ರೆ ಹೊರಗೆ ಅನ್ನೋ ನ್ಯೂಜಿಲೆಂಡ್ ಪಂದ್ಯದಲ್ಲಿ, ಕಡೂರಿನ ವೇದಾ ಕೃಷ್ಣಮೂರ್ತಿ 45 ಬಾಲಲ್ಲಿ 70 ಹೊಡೆದ್ರು, ವಿಜಯಪುರದ ರಾಜೇಶ್ವರಿ ಗಾಯಕವಾಡ್ 15 ರನ್ನಿಗೆ 5 ವಿಕೆಟ್ ತೆಗೆದ್ರು. ಒಂದೇ ಮ್ಯಾಚಲ್ಲಿ, ಬೆಂಗಳೂರಿನ ಹೊರಗಿನ ಇಬ್ಬರು ಕನ್ನಡದ ಹೆಣ್ಣುಮಕ್ಕಳು. ಜಗಳೂರಿನ ಮೈದಾನದಲ್ಲಿ ಬಾಲ್ ಹಾಕೋ ಹುಡುಗಿಗೆ ಈ ಕಥೆ ಗೊತ್ತಿದ್ರೆ, ಮನೇಲಿ "ಇದೆಲ್ಲ ನಿಂಗ್ಯಾಕೆ" ಅಂದಾಗ ತಿರುಗಿ ಹೇಳಕ್ಕೆ ಎರಡು ಹೆಸರಾದ್ರೂ ಇರುತ್ತೆ. ಸುದ್ದಿಯ ಬೆಲೆ ಅದು.

ಈಗ ನಮ್ಮ ಕಡೆ ತಪ್ಪು ಒಪ್ಕೊಳ್ತೀನಿ. ಡೆಸ್ಕಲ್ಲಿ ಕೂತಾಗ ಯಾವ ಸುದ್ದಿ ಎಷ್ಟು ಜನ ಓದಿದ್ರು ಅಂತ ಪರದೆ ಮೇಲೆ ಕಾಣ್ತಿರುತ್ತೆ. ಐಪಿಎಲ್ ಹಾಕಿದ್ರೆ ಗೆರೆ ಮೇಲಕ್ಕೆ, ರಣಜಿ ಹಾಕಿದ್ರೆ ಕೆಳಕ್ಕೆ. ನಾವು ಗೆರೆ ನೋಡಿ ಬರೀತೀವಿ, ನೀವು ನಾವು ಬರೆದಿದ್ದನ್ನೇ ಓದ್ತೀರ. ನಾನೂ ಆರ್‌ಸಿಬಿ ಅಭಿಮಾನಿನೇ. 2025ರ ಜೂನ್ 3ರ ರಾತ್ರಿ ಆರು ರನ್ನಿಂದ ಗೆದ್ದಾಗ ಕಣ್ಣಲ್ಲಿ ನೀರು ಬಂದಿದ್ದು ಸುಳ್ಳಲ್ಲ. ಆದ್ರೆ 2010ರ ಜನವರಿಯಲ್ಲಿ, ಮೈಸೂರಿನಲ್ಲಿ, ಇದೇ ಆರು ರನ್ನಿಂದ ಮುಂಬೈಗೆ ರಣಜಿ ಫೈನಲ್ ಸೋತಾಗ ಅಳೋಕೂ ಮೈದಾನದ ತುಂಬ ಜನ ಇದ್ರು. ಅಭಿಮಾನಿಗಳಿಲ್ಲ ಅನ್ನೋದು ಸುಳ್ಳು. ಅವರನ್ನ ತಲುಪೋ ದಾರಿ ನಾವೇ ಮುಚ್ಚಿದ್ದೀವಿ.

ಅದಕ್ಕೆ ಒಂದು ಕೆಲಸ ಮಾಡೋಣ. ಮುಂದಿನ ರಣಜಿ ಸೀಸನ್‌ನಲ್ಲಿ ಕರ್ನಾಟಕದ ಪ್ರತಿ ಪಂದ್ಯ ಮುಗಿದ ದಿನ ಇಲ್ಲಿ ಐದು ನಿಮಿಷದ ಸಂಚಿಕೆ ಬರುತ್ತೆ. ಗೆದ್ರೂ ಬರುತ್ತೆ, ಸೋತ್ರೂ ಬರುತ್ತೆ. ಮಹಿಳಾ ತಂಡದ್ದೂ ಬರುತ್ತೆ. ಚೆನ್ನಾಗಿ ಆಡದಿದ್ರೆ ಅದನ್ನೂ ಹೇಳ್ತೀವಿ, ಬರೀ ಹೊಗಳಿಕೆ ಇರಲ್ಲ. ನೀವು ಕೇಳಬೇಕು, ತಪ್ಪಿದ್ರೆ ಹೇಳಬೇಕು, ಗೆಳೆಯರ ಗ್ರೂಪಿಗೆ ಒಂದು ಫಾರ್ವರ್ಡ್ ಮಾಡಬೇಕು.

ನ್ಯಾಮತಿಯ ತಮ್ಮಾ, ಇದನ್ನ ಕೇಳ್ತಿದ್ರೆ ಆ ಟ್ರೋಲ್ ಪೇಜಿನ ಕಮೆಂಟಲ್ಲಿ 504 ಅಂತ ಒಂದು ಸಂಖ್ಯೆ ಬರೆದು ಬಾ. ಯಾಕೆ ಅಂತ ಕೇಳಿದೋರಿಗೆ ಕಥೆ ಹೇಳು.

ಮುಂದಿನ ವಾರ ಸಿಗೋಣ. ನಮಸ್ಕಾರ.