ಹಿಮಾಲಯದ ಹಿಮ ಮತ್ತು ಒಂದು ತಪ್ಪು ಇಸವಿ

ಜಮೀನಿನ ಕಾಗದದಲ್ಲಿ ಸರ್ವೆ ನಂಬರಿನ ಒಂದು ಅಂಕಿ ತಪ್ಪಿದರೆ ಎಷ್ಟು ಅಲೆದಾಟವೆಂದು ನಿಮಗೆ ಗೊತ್ತೇ ಇದೆ. ಗಡಿಯ ಊರುಗಳಲ್ಲಿ ಕಾಗದದ ಭಾಷೆ ಒಂದು, ಮನೆಮಾತು ಇನ್ನೊಂದು. ಹಾಗಾಗಿ ನಾವು ಅದನ್ನು ಎರಡೆರಡು ಸಲ ಓದಿಸಿ ನೋಡುತ್ತೇವೆ. ಇಂಥದೇ ಒಂದು ತಪ್ಪು ಹಿಮಾಲಯದ ವಿಚಾರದಲ್ಲಿಯೂ ಆಗಿ, ದೊಡ್ಡ ರಾಜಕೀಯ ಜಗಳಕ್ಕೆ ಕಾರಣವಾಯಿತು.

ಹವಾಮಾನ ಬದಲಾವಣೆಯನ್ನು ಪರಾಮರ್ಶಿಸುವ ಐಪಿಸಿಸಿ ಎಂಬ ಅಂತರರಾಷ್ಟ್ರೀಯ ಮಂಡಳಿಯಿದೆ. ಹಿಮಾಲಯದ ಹಿಮನದಿಗಳು 2035ರೊಳಗೆ ಇಲ್ಲವಾಗುವ ಸಂಭವ ಬಹಳ ಹೆಚ್ಚು ಎಂದು ಅದರ 2007ರ ವರದಿಯಲ್ಲಿ ಒಂದು ಕಡೆ ಬರೆದಿತ್ತು. 2009ರ ನವೆಂಬರಿನಲ್ಲಿ ನಮ್ಮ ಕೇಂದ್ರ ಪರಿಸರ ಸಚಿವಾಲಯವು ಭೂವಿಜ್ಞಾನಿ ವಿ. ಕೆ. ರೈನಾ ಅವರ ಚರ್ಚಾಪತ್ರವನ್ನು ಹೊರತಂದಿತು. ಹಿಮನದಿಗಳು ಹಿಂಜರಿಯಲು ಜಾಗತಿಕ ತಾಪವೇ ಕಾರಣವೆನ್ನಲು ಸಾಕಷ್ಟು ಆಧಾರವಿಲ್ಲ ಎಂಬುದು ಅದರ ವಾದ. ಆಗಿನ ಸಚಿವ ಜೈರಾಂ ರಮೇಶ್ ಅದರ ಬೆನ್ನಿಗೆ ನಿಂತರು. ಐಪಿಸಿಸಿಯ ಆಗಿನ ಅಧ್ಯಕ್ಷ ಆರ್. ಕೆ. ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನವೆಂದು ಜರೆದರು. ಕೋಪನ್‌ಹೇಗನ್ ಸಮ್ಮೇಳನ ಮುಂದಿನ ತಿಂಗಳೇ ಇದ್ದುದರಿಂದ ಮಾತಿಗೆ ಮಾತು ಬೆಳೆಯಿತು.

2010ರ ಜನವರಿ 20ರಂದು ಐಪಿಸಿಸಿ ತನ್ನ ತಪ್ಪನ್ನು ಒಪ್ಪಿಕೊಂಡು ವಿಷಾದಿಸಿತು. 2035 ಎಂಬ ಇಸವಿಯನ್ನು ಅದು ಒಂದು ವನ್ಯಜೀವಿ ಸಂಸ್ಥೆಯ 2005ರ ವರದಿಯಿಂದ ಎತ್ತಿಕೊಂಡಿತ್ತು. ಆ ಸಂಸ್ಥೆ ಅದನ್ನು 1999ರ ಪತ್ರಿಕಾ ಲೇಖನವೊಂದರಿಂದ ಪಡೆದಿತ್ತು. ಮೂಲವನ್ನು ಸರಿಯಾಗಿ ಪರಿಶೀಲಿಸಿದವರಿಲ್ಲ.

ತಪ್ಪು ಬಯಲಾದದ್ದೇ ತಡ, ಹವಾಮಾನ ವಿಜ್ಞಾನವೆಲ್ಲ ಸುಳ್ಳು ಎಂದು ದೇಶವಿದೇಶಗಳಲ್ಲಿ ಕೂಗೆದ್ದಿತು. ಆದರೆ ಹಿಮ ನಮ್ಮ ವಾದ ಮುಗಿಯಲೆಂದು ಕಾಯುವುದಿಲ್ಲವಲ್ಲ! ಅಮೆರಿಕದ ಗೂಢಚಾರ ಉಪಗ್ರಹಗಳು ತೆಗೆದಿದ್ದ ಹಳೆಯ ಚಿತ್ರಗಳನ್ನೂ ಬಳಸಿ ವಿಜ್ಞಾನಿಗಳು ಹಿಮಾಲಯದ 650 ಹಿಮನದಿಗಳನ್ನು ಪರೀಕ್ಷಿಸಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, 1975ರಿಂದ 2000ದವರೆಗೆ ಹಿಮ ನಷ್ಟವಾದ ವೇಗಕ್ಕಿಂತ 2000ದ ನಂತರದ ವೇಗ ಸುಮಾರು ಎರಡರಷ್ಟು. ಬಿಸಿಯೇರಿದ್ದೇ ಅದಕ್ಕೆ ಮುಖ್ಯ ಕಾರಣವೆಂದೂ ಅವರು ಕಂಡುಕೊಂಡರು.

ಅಂದರೆ, ಇಸವಿಯ ಬಗ್ಗೆ ಸಂಶಯಪಟ್ಟವರು ಹೇಳಿದ್ದು ಸರಿ. ಹಿಮ ಕರಗುತ್ತಿದೆ ಎಂದವರು ಹೇಳಿದ್ದೂ ಸರಿ. ಜಗಳದ ಗದ್ದಲದಲ್ಲಿ ಈ ಎರಡೂ ಒಟ್ಟಿಗೆ ಕೇಳಿಸಲಿಲ್ಲ. ಅದರ ಫಲ ಉಣ್ಣಬೇಕಾದವರು ಆ ನದಿಗಳ ನೀರನ್ನು ನಂಬಿ ಬೇಸಾಯ ಮಾಡುವವರು.

ಒಂದೇ ಸುದ್ದಿ ಎರಡು ಭಾಷೆಯ ಪತ್ರಿಕೆಗಳಲ್ಲಿ ಎರಡು ಬಣ್ಣ ತಳೆಯುವುದನ್ನು ನೀವು ಕಂಡವರು. ಹವಾಮಾನದ ಅಂಕಿಯನ್ನು ಯಾರೇ ಮುಂದಿಟ್ಟರೂ ಕೇಳಿ: ಅಳೆದವರು ಯಾರು? ಎಷ್ಟು ವರ್ಷ ಅಳೆದರು? ಮೂಲ ದಾಖಲೆ ಎಲ್ಲಿದೆ? ಸರ್ವೆ ನಂಬರು ತಪ್ಪಿದ್ದರೆ ಕಾಗದವನ್ನು ತಿದ್ದಿಸೋಣ. ಹೊಲವೇ ಇಲ್ಲವೆಂದು ಯಾರಾದರೂ ಹೇಳಿದರೆ ಒಪ್ಪುವುದು ಬೇಡ.